ಮಕ್ಕಳ ರೂಮಿನ ಮೊಳೆ

ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಬಾಗಿಲು ತೆರೆದಾಗ ಮಳೆಯ ಎರಚಲಿನ ಜೊತೆ ಆ ವಾಸನೆಯೂ ಒಳಗೆ ಬಂತು. ಹೊಸ ಬಟ್ಟೆಯ ಗಂಜಿ, ಇಸ್ತ್ರಿಯ ಹಬೆ, ಮಿಷನ್ ಎಣ್ಣೆ, ಬೆಳಿಗ್ಗೆ ಮುಡಿದು ಸಂಜೆಗೆ ಬಾಡಿದ ಮಲ್ಲಿಗೆ. ಗಾರ್ಮೆಂಟ್ಸ್ ಬಿಟ್ಟ ಹೊತ್ತು. ಐದಾರು ಹೆಂಗಸರು ಒದ್ದೆ ಕೊಡೆ ಮಡಿಸುತ್ತ ಹತ್ತಿದರು. ಅವರ ಸೆರಗಿಗೆ, ತಲೆಗೂದಲಿಗೆ ದಾರದ ತುಣುಕುಗಳು ಅಂಟಿದ್ದವು. ಅವನ್ನು ಕಂಡರೆ ಕೈ ಚಾಚಿ ತೆಗೆಯಬೇಕೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಗುರುತಿಲ್ಲದವರ ತಲೆಗೆ ಕೈ ಹಾಕಿದರೆ ಏನಂದುಕೊಂಡಾರು ಎಂದು ಸುಮ್ಮನೆ ಕೂತೆ.

ಅವರಲ್ಲಿ ಒಬ್ಬಳು ನನ್ನನ್ನೇ ನೋಡುತ್ತಿದ್ದಳು. ಮಕ್ಕಳ ರೂಮಿನ ಟೀಚರ್ ಅಲ್ಲವೇ ಎಂದು ಕೇಳಿದಳು. ದನಿ ಕೇಳಿದ ಮೇಲೆ ಗುರುತು ಸಿಕ್ಕಿತು. ಮಂಜುಳಾ. ಎಂಟು ವರ್ಷದ ಹಿಂದೆ ಶರ್ಟಿಗೆ ಕಾಲರ್ ಕೂರಿಸುತ್ತಿದ್ದ ಟೈಲರ್, ಈಗ ಅದೇ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮಳೆಗೆ ರಸ್ತೆಯಲ್ಲಿ ಬಸ್ಸುಗಳು ನಿಂತುಬಿಟ್ಟಿದ್ದರಿಂದ ಮೆಟ್ರೊ ಹತ್ತಿದ್ದಳು. ಅವಳು ಇಳಿಯುವ ಜಾಲಹಳ್ಳಿಗೆ ಮೂರೇ ಸ್ಟೇಷನ್. ಅಷ್ಟರಲ್ಲಿ ಎಂಟು ವರ್ಷದ್ದು ಏನು ಕೇಳುವುದು? ಮೊದಲು ನಾಲಿಗೆಗೆ ಬಂದದ್ದು ಆ ರೂಮಿನ ಆಯಾ, ಆಪಾ. ಆಪಾ ಹೇಗಿದ್ದಾರೆ ಎಂದೆ.

"ಆಪಾ ತೀರ್ಕೊಂಡ್ರಲ್ಲ ಟೀಚರ್, ಈ ಸಲ ರಂಜಾನ್ ಆದ್ಮೇಲೆ. ನಿಮ್ಗ್ಯಾರೂ ಏಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ನಾನು ಯಾರ ಸಂಪರ್ಕ ಇಟ್ಟುಕೊಂಡಿದ್ದೆ? ರೈಲು ಹೊರಟಿತು. ಕಿಟಕಿಯ ಕೆಳಗೆ ಫ್ಯಾಕ್ಟರಿಯ ಉದ್ದನೆಯ ಶೀಟಿನ ಮಾಡು ಮಳೆಯಲ್ಲಿ ತೊಳೆದುಕೊಂಡು ಹೊಳೆಯುತ್ತಿತ್ತು. ಆ ಮಾಡಿನ ಹಿಂದಿನ ಮೂಲೆಯಲ್ಲಿ ಒಂದು ಬಾಗಿಲಿತ್ತು, ಆ ಬಾಗಿಲಲ್ಲಿ ಒಂದು ಮೊಳೆ ಇತ್ತು. ನನ್ನ ಟ್ರೈನಿಂಗ್ ಕಲಿಸದ್ದನ್ನೆಲ್ಲ ಆ ಮೊಳೆ ಹೊಡೆದ ಹೆಂಗಸು ಒಂದು ಮಳೆಗಾಲದಲ್ಲಿ ಕಲಿಸಿದ್ದರು. ಅವರ ಬಗ್ಗೆ ಯಾರೂ ಎಲ್ಲಿಯೂ ಬರೆಯುವುದಿಲ್ಲ ಎಂದು ಗೊತ್ತಿರುವುದರಿಂದ ನಾನು ಬರೆಯುತ್ತಿದ್ದೇನೆ.

ಅದು ಎರಡು ಸಾವಿರದ ಹನ್ನೊಂದರ ಜೂನ್. ಆಗ ಮೆಟ್ರೊ ಇರಲಿಲ್ಲ, ಅದರ ಕಂಬಗಳು ಮಾತ್ರ ಏಳುತ್ತಿದ್ದವು. ತುಮಕೂರು ರಸ್ತೆಯುದ್ದಕ್ಕೂ ತಗಡಿನ ಬೇಲಿ, ಮೊಣಕಾಲುದ್ದ ಕೆಸರು, ದಿನವಿಡೀ ನೆಲ ಕೊರೆಯುವ ಮಿಷನ್ನಿನ ಗುಡುಗು. ನಾನು ನರ್ಸರಿ ಟೀಚರ್ ಟ್ರೈನಿಂಗ್ ಮುಗಿಸಿ ಆರು ತಿಂಗಳಾಗಿತ್ತು. ಚಿಕ್ಕಬಾಣಾವರದಿಂದ ಪ್ಯಾಸೆಂಜರ್ ರೈಲಿನಲ್ಲಿ ಯಶವಂತಪುರಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಗೊರಗುಂಟೆಪಾಳ್ಯಕ್ಕೆ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ದಾಟಿ ಕೆಲಸಕ್ಕೆ ಸೇರಿದೆ. ಬೋರ್ಡಿನಲ್ಲಿ ಕ್ರೆಶ್ ಎಂದು ಬರೆದಿತ್ತು. ಹೆಂಗಸರ ಬಾಯಲ್ಲಿ ಅದು ಮಕ್ಕಳ ರೂಮು. ತಾಯಂದಿರು ಲೈನಿನಲ್ಲಿ ಹೊಲಿಯುವಾಗ ಆರು ವರ್ಷದೊಳಗಿನ ಇಪ್ಪತ್ತೆರಡು ಮಕ್ಕಳು ಅಲ್ಲಿರುತ್ತಿದ್ದವು. ಗೋಡೆಯ ಆಚೆ ಇಸ್ತ್ರಿ ಹಾಕುವ ಸೆಕ್ಷನ್. ಮಳೆಗಾಲದಲ್ಲೂ ಆ ಗೋಡೆ ಬೆಚ್ಚಗಿರುತ್ತಿತ್ತು, ಮಕ್ಕಳು ಅದಕ್ಕೆ ಬೆನ್ನು ಕೊಟ್ಟು ಮಲಗುತ್ತಿದ್ದವು.

ಜುಬೇದಾ ಅಲ್ಲಿ ಹನ್ನೆರಡು ವರ್ಷದಿಂದ ಆಯಾ. ಎಲ್ಲರಿಗೂ ಆಪಾ, ಅಂದರೆ ಅಕ್ಕ. ಐವತ್ತೈದರ ಆಚೀಚೆ ವಯಸ್ಸು, ಕುಳ್ಳು, ತಲೆಯ ಮೇಲೆ ಸೆರಗು, ಮೊಣಕೈವರೆಗೆ ಯಾವಾಗಲೂ ಒದ್ದೆ. ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ಮಗುವಿಗೆ ಯಾವತ್ತು ಹೊಟ್ಟೆ ಕೆಟ್ಟಿತ್ತು, ಯಾವುದಕ್ಕೆ ಬಾಳೆಹಣ್ಣು ಆಗುವುದಿಲ್ಲ, ಯಾವುದು ಅಳುವಾಗ ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಲ್ಲವೂ ಅವರ ತಲೆಯಲ್ಲಿತ್ತು. ಸರ್ಟಿಫಿಕೇಟ್ ನನ್ನದಾದ್ದರಿಂದ ಕಾಗದದ ಮೇಲೆ ನಾನು ಅವರಿಗಿಂತ ದೊಡ್ಡವಳು. ಇಪ್ಪತ್ತಮೂರರ ಹುಡುಗಿಗೆ ಅಷ್ಟು ಸಾಕಾಗಿತ್ತು, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಸೇರಿದ ಎರಡನೇ ದಿನವೇ ಮಂಜುಳಾಳ ಮಗಳು ಸಿಂಚನಾ ನನ್ನ ಮಣಿಕಟ್ಟಿಗೆ ಕಚ್ಚಿದಳು. ನಾಲ್ಕೂವರೆ ವರ್ಷದ ಹುಡುಗಿ, ಎರಡು ಜಡೆ, ಅಂಗೈಯಗಲದ ಮುಖ. ಹಲ್ಲಿನ ಗುರುತು ಒಂದು ವಾರ ಇತ್ತು. ನನಗೊಬ್ಬಳಿಗೇ ಅಲ್ಲ, ತನ್ನ ಜಾಗದಲ್ಲಿ ಕೂತ ಎಂದು ಒಬ್ಬನಿಗೆ, ಅವಳ ಅಮ್ಮ ಬೇಗ ಬಂದಳು ಎಂದು ಇನ್ನೊಬ್ಬಳಿಗೆ, ಏನೂ ಇಲ್ಲದೆ ಮತ್ತೊಬ್ಬನಿಗೆ, ಹೀಗೆ ವಾರಕ್ಕೆ ಎರಡು ಮೂರು ಸಲ ಕಚ್ಚುತ್ತಿದ್ದಳು. ಕಚ್ಚಿದ ಮೇಲೆ ಅಳುತ್ತಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಏಟಿಗೆ ತಯಾರಾಗಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಲ್ಲುತ್ತಿದ್ದಳು.

ಕಾರಣ ಎಲ್ಲರಿಗೂ ಗೊತ್ತಿತ್ತು. ಅವಳ ಅಪ್ಪ ಲೋಕೇಶ ಅಬ್ಬಿಗೆರೆಯ ಕಡೆ ಮನೆಗಳಿಗೆ ಬಣ್ಣ ಬಳಿಯುವವನು, ಕುಡುಕ. ಮಳೆಗಾಲದಲ್ಲಿ ಹೊರಗೋಡೆಗೆ ಬಣ್ಣ ಹಿಡಿಯುವುದಿಲ್ಲ. ಹಾಗಾಗಿ ಅವನಿಗೆ ಮಳೆ ಅಂದರೆ ರಜೆ, ರಜೆ ಅಂದರೆ ಬಾಟಲಿ. ಊಟದ ಹೊತ್ತಿನಲ್ಲಿ ಹೆಂಗಸರು ಡಬ್ಬಿ ಬಿಚ್ಚಿಕೊಂಡು ತೀರ್ಪು ಕೊಡುತ್ತಿದ್ದರು. ಅಪ್ಪನ ರಕ್ತ, ಇನ್ನೇನು ಬರುತ್ತೆ ಅನ್ನುವವರು ಕೆಲವರು. ಮಂಜುಳಾಳ ಕೋಪ ಕಂಡಿದ್ದವರು ನೂಲಿನಂತೆ ಸೀರೆ ತಾಯಿಯಂತೆ ಮಗಳು ಅನ್ನುತ್ತಿದ್ದರು. ಲೈನಿನಲ್ಲಿ ಅವಳಷ್ಟು ಚೊಕ್ಕ ಕಾಲರ್ ಕೂರಿಸುವವರಿರಲಿಲ್ಲ, ಅವಳಷ್ಟು ಬೇಗ ರೇಗುವವರೂ ಇರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ. ಈ ಕೂಸು ಬಡವಾಗಿರಲಿಲ್ಲ, ಹಲ್ಲು ಗಟ್ಟಿ ಮಾಡಿಕೊಂಡಿತ್ತು.

ನಾನು ಟ್ರೈನಿಂಗ್ ಆದವಳು, ಬಾಯಿಮಾತಿನ ತೀರ್ಪು ನನಗೆ ಸಾಲದು. ಒಂದು ನೋಟ್‌ಬುಕ್ಕಿಗೆ ಕಂದು ಹಾಳೆಯ ರಟ್ಟು ಹಾಕಿ, ಸ್ಕೇಲಿನಲ್ಲಿ ಗೆರೆ ಎಳೆದು, ತಾರೀಖು, ಯಾರಿಗೆ ಕಚ್ಚಿದಳು, ಎಲ್ಲಿ, ತಾಯಿಯ ಸಹಿ ಎಂದು ನಾಲ್ಕು ಕಾಲಂ ಮಾಡಿದೆ. ಕಚ್ಚಿದ ದಿನ ಸಂಜೆ, ಮಕ್ಕಳನ್ನು ಕರೆದೊಯ್ಯಲು ಬಂದ ಅಷ್ಟೂ ತಾಯಂದಿರ ಮುಂದೆ ಮಂಜುಳಾ ಆ ಪುಸ್ತಕಕ್ಕೆ ಸಹಿ ಹಾಕಬೇಕು. ಆಪಾ ಅದನ್ನು ನೋಡಿ ಇದೇನು ಎಂದು ಕೇಳಿದರು. ಶಿಸ್ತು ಎಂದೆ. ಅವರು ನೀರಿನ ಬಕೆಟ್ ಎತ್ತಿಕೊಂಡು ಹೋದರು.

ಒಂದು ವಾರದಲ್ಲಿ ನಿಲ್ಲುತ್ತದೆ ಅಂದುಕೊಂಡಿದ್ದು ಜುಲೈಗೆ ವಾರಕ್ಕೆ ನಾಲ್ಕು ಸಲ ಆಯಿತು. ಆಗಸ್ಟಿನಲ್ಲಿ ರೇಣುಕಾ ಎಂಬುವಳ ಒಂದೂವರೆ ವರ್ಷದ ಮಗುವಿನ ಕೆನ್ನೆಗೆ ರಕ್ತ ಬರುವ ಹಾಗೆ ಕಚ್ಚಿಬಿಟ್ಟಳು. ರೇಣುಕಾ ಮಗುವನ್ನು ಎತ್ತಿಕೊಂಡು ನೇರ ಆಫೀಸಿಗೆ ಹೋದಳು. ಕಾರ್ಮಿಕರ ಕಷ್ಟಸುಖ ನೋಡಿಕೊಳ್ಳಲು ಫ್ಯಾಕ್ಟರಿಯಲ್ಲಿ ಒಬ್ಬ ವೆಲ್ಫೇರ್ ಮೇಡಂ ಇದ್ದರು, ಕೆಟ್ಟವರಲ್ಲ, ಆದರೆ ನಿಯಮ ಬಿಟ್ಟು ಕದಲುವವರಲ್ಲ. ಆಯುಧ ಪೂಜೆಯವರೆಗೆ ನೋಡೋಣ, ಸರಿಹೋಗದಿದ್ದರೆ ಮಗುವನ್ನು ರೂಮಿನಿಂದ ತೆಗೆಯಬೇಕು ಎಂದರು. ನನ್ನ ಪುಸ್ತಕವನ್ನು ತಿರುವಿ ಹಾಕಿ, ತುಂಬ ಅಚ್ಚುಕಟ್ಟಾಗಿ ಬರೆದಿದ್ದೀರಿ ಎಂದು ಹೊಗಳಿದರು. ನಾನು ಉಬ್ಬಿದೆ.

ತೆಗೆದರೆ ಏನಾಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮಂಜುಳಾಳ ತಾಯಿ ಇರಲಿಲ್ಲ, ಅತ್ತೆ ಇರಲಿಲ್ಲ. ಅಂಗನವಾಡಿ ಮಧ್ಯಾಹ್ನಕ್ಕೆ ಬಿಟ್ಟುಬಿಡುತ್ತದೆ. ಆಮೇಲೆ ಮಗು ಮನೆಯಲ್ಲಿ ಲೋಕೇಶನ ಜೊತೆ ಇರಬೇಕು, ಇಲ್ಲವೇ ಅವಳು ಕೆಲಸ ಬಿಡಬೇಕು. ಮನೆ ನಡೆಯುತ್ತಿದ್ದುದೇ ಅವಳ ಕೆಲಸದ ಮೇಲೆ. ಆ ಸಂಜೆ ಸಹಿ ಹಾಕಿದವಳೇ ಮಗಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದಳು.

ಆಗಸ್ಟಿನ ಕೊನೆಗೆ ಮಳೆಯಲ್ಲಿ ನೆಂದು ನನಗೆ ಜ್ವರ ಬಂತು. ನಾಲ್ಕು ದಿನ ಹೋಗಲಿಲ್ಲ. ಪುಸ್ತಕ ನನ್ನ ಬೀರುವಿನಲ್ಲಿತ್ತು, ಕೀಲಿ ನನ್ನ ಬ್ಯಾಗಿನಲ್ಲಿ. ಐದನೇ ದಿನ ಬಂದು, ನಾನಿಲ್ಲದಾಗ ಎಷ್ಟು ಮಕ್ಕಳನ್ನು ಕಚ್ಚಿ ಹಾಕಿದ್ದಾಳೋ ಎಂದು ಆಪಾರನ್ನು ಕೇಳಿದೆ. ಮೊದಲ ದಿನ ಒಂದು ಸಲ, ಆಮೇಲೆ ಇಲ್ಲ ಎಂದರು. ನಾನು ನಂಬಲಿಲ್ಲ. ಅವರು ಕೈ ಒರೆಸಿಕೊಂಡು ನನ್ನ ಎದುರು ನೆಲದ ಮೇಲೆ ಕೂತು, ಪುಸ್ತಕ ತೆಗೆದು ತಾರೀಖುಗಳನ್ನು ಓದಿ ಹೇಳಿ ಅಂದರು. ನಾನು ಓದುತ್ತ ಹೋದೆ, ಅವರು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಹೋದರು. ಹೊರಗೆ ಕಂಬದ ಮಿಷನ್ನು ನೆಲವನ್ನು ಅಲುಗಿಸುತ್ತಿತ್ತು.

ಓದಿ ಮುಗಿಸುವ ಮೊದಲೇ ನನಗೂ ಕಂಡಿತ್ತು. ಸಹಿ ಹಾಕಿಸಿದ ಮಾರನೇ ದಿನ ಸಿಂಚನಾ ಹೆಚ್ಚುಕಡಿಮೆ ತಪ್ಪದೆ ಕಚ್ಚಿದ್ದಳು. ಲೋಕೇಶ ಕುಡಿದ ಮಾರನೇ ದಿನ ಅಲ್ಲ. ಮಳೆಗಾಲದಲ್ಲಿ ಅವನು ದಿನಾ ಕುಡಿಯುತ್ತಿದ್ದ, ಅದನ್ನು ಲೆಕ್ಕಕ್ಕೆ ಹಿಡಿದರೆ ಅವಳು ದಿನಾ ಕಚ್ಚಬೇಕಿತ್ತು. ಆಪಾ ಮಂಜುಳಾಳ ಬಾಯಿ ಬಿಡಿಸಿದ್ದರು. ಎಲ್ಲರೆದುರು ಸಹಿ ಹಾಕಿದ ಅವಮಾನಕ್ಕೆ ಅವಳು ಬಸ್ ಸ್ಟಾಪಿನವರೆಗೂ ಮಗಳಿಗೆ ಬಡಿಯುತ್ತಿದ್ದಳು. ಮನೆಗೆ ಹೋದರೆ ಕುಡಿದು ಕೂತ ಲೋಕೇಶ, ಮಗುವಿನ ಬೆನ್ನಿನ ಬಾಸುಂಡೆ ನೋಡಿ ಅವಳ ಮೇಲೆ ಎಗರುತ್ತಿದ್ದ. ಅವಳೂ ಬಿಡುವವಳಲ್ಲ. ತಟ್ಟೆ ಲೋಟ ಹಾರುತ್ತಿದ್ದವು. ಬೆಳಿಗ್ಗೆ ಆ ಹುಡುಗಿ ಅಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಮ್ಮ ರೂಮಿಗೆ ಬರುತ್ತಿದ್ದಳು.

"ಸೀಮೆಎಣ್ಣೆ ಅವರ ಮನೇಲಿತ್ತು, ಟೀಚರಮ್ಮಾ," ಆಪಾ ಹೇಳಿದರು. "ಕಡ್ಡಿ ಗೀರ್ತಾ ಇದ್ದಿದ್ದು ನೀವು."

ಆ ಮಾತಿಗೆ ನನಗೆ ಬಂದದ್ದು ಪಶ್ಚಾತ್ತಾಪ ಅಲ್ಲ, ಕೋಪ. ಓದು ಬಾರದ ಆಯಾ ನನಗೆ ಹೇಳುವುದೇ ಎಂಬ ಕೋಪ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಎದ್ದು ಹೋಗಿ, ಬಾಗಿಲ ಹೊರಗೆ ಮಕ್ಕಳ ಚಪ್ಪಲಿಗಳನ್ನು ಜೋಡಿಸಲು ಕೂತೆ. ಅದು ನನ್ನ ಅಭ್ಯಾಸ. ಇಪ್ಪತ್ತೆರಡು ಜೊತೆ ಚಪ್ಪಲಿ, ತುದಿ ಹೊರಮುಖವಾಗಿ, ಒಂದೇ ಗೆರೆಯಲ್ಲಿ. ಆಪಾ ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದರು.

"ನಿಮ್ಮಪ್ಪಾನೂ ಕುಡೀತಿದ್ರಾ?"

ನಾನು ಯಾರಿಗೂ ಹೇಳಿರಲಿಲ್ಲ. ಟ್ರೈನಿಂಗಿನ ಗೆಳತಿಯರಿಗೂ ಗೊತ್ತಿರಲಿಲ್ಲ. ನಮ್ಮಪ್ಪ ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮಂಡಿಯ ಗುಮಾಸ್ತ. ಸಂಜೆ ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ಎಷ್ಟು ಕುಡಿದಿದ್ದಾರೆ ಎಂದು ನಾನು ಹೇಳಬಲ್ಲವಳಾಗಿದ್ದೆ. ಎಡವಿ ಬಿದ್ದರೆ ನಮಗೆ ಬೈಗುಳ. ಅದಕ್ಕೆ ಐದನೇ ವಯಸ್ಸಿನಿಂದ ಬಾಗಿಲಲ್ಲಿ ಚಪ್ಪಲಿ ಜೋಡಿಸಿಡುತ್ತಿದ್ದೆ. ಅಣ್ಣ ಮಾತ್ರ ಎದುರು ಮಾತಾಡುತ್ತಿದ್ದ, ಕಿಟಕಿ ಗಾಜು ಒಡೆಯುತ್ತಿದ್ದ, ಶಾಲೆಯಲ್ಲಿ ಹೊಡೆದಾಡುತ್ತಿದ್ದ. ಊರೆಲ್ಲ ಅವನನ್ನು ಅಪ್ಪನ ತದ್ರೂಪ ಅನ್ನುತ್ತಿತ್ತು. ನನ್ನನ್ನು ಚಿನ್ನದಂಥ ಹುಡುಗಿ ಅನ್ನುತ್ತಿತ್ತು. ಆ ಚಿನ್ನದ ಹೆಸರಿನ ಮೇಲೆಯೇ ನಾನು ಇಷ್ಟು ವರ್ಷ ಬದುಕಿದ್ದೆ, ಸಿಂಚನಾಳಂಥ ಮಕ್ಕಳನ್ನು ಕಂಡರೆ ಮೈ ಉರಿಯುತ್ತಿದ್ದುದೂ ಅದಕ್ಕೇ.

ಇಷ್ಟನ್ನೂ ಆಪಾಗೆ ಹೇಳಿದೆ. ಹೇಳುತ್ತ ಅತ್ತೆ. ಅವರು ನನ್ನ ಪಕ್ಕ ಕೂತು, ನಾನು ಜೋಡಿಸಿದ್ದ ಒಂದು ಜೊತೆ ಚಪ್ಪಲಿಯನ್ನು ಕೈಯಿಂದ ಸೊಟ್ಟಗೆ ತಳ್ಳಿದರು.

"ನೋಡಿ, ಏನೂ ಆಗಲಿಲ್ಲ," ಅಂದರು. "ನಿಮ್ಮಣ್ಣ ಗಾಜು ಒಡೆದ್ರು, ನೀವು ಚಪ್ಲಿ ಜೋಡ್ಸಿದ್ರಿ. ಇಬ್ರಿಗೂ ಇದ್ದಿದ್ದು ಒಂದೇ ಭಯ. ಹುಟ್ಟುಗುಣ ಬೇರೆ ಬೇರೆ, ಅಷ್ಟೇ."

ಆಮೇಲೆ ಅವರ ಮನೆಯ ವಿಷಯ ತಿಳಿಯಿತು. ಅವರ ಯಜಮಾನರೂ ಕುಡಿಯುತ್ತಿದ್ದರಂತೆ. ಆ ಸಿಟ್ಟನ್ನು ಆಪಾ ದೊಡ್ಡ ಮಗನ ಮೇಲೆ ತೀರಿಸಿಕೊಂಡರು. ಅಪ್ಪನ ಹಾಗೆ ಆಗಬಾರದು ಎಂದು ಬಡಿದರು, ಹದಿನಾರಕ್ಕೆ ಅವನು ಮನೆ ಬಿಟ್ಟು ಹೋದ. ಇದನ್ನು ಹೇಳುವಾಗ ಅವರು ಒದ್ದೆ ಬಟ್ಟೆ ಹಿಂಡುತ್ತಿದ್ದರು, ಮುಖ ನನ್ನ ಕಡೆ ತಿರುಗಿಸಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ತಾವೂ ನಂಬಿದ್ದರಂತೆ. ಗಿಡ ಬಗ್ಗಿಸುವ ಭರದಲ್ಲಿ ಮುರಿದದ್ದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಆ ಮಗನಿಗೆ ಕೊಡಲಾಗದ ತಾಳ್ಮೆಯನ್ನು ಅವರು ಹನ್ನೆರಡು ವರ್ಷದಿಂದ ಊರಿನವರ ಮಕ್ಕಳಿಗೆ ಕೊಡುತ್ತಿದ್ದರು.

ಮಾರನೇ ದಿನ ಆಪಾ ಮೆಕ್ಯಾನಿಕ್ ಹತ್ತಿರ ನಾಲ್ಕಿಂಚಿನ ಮೊಳೆ ಒಂದನ್ನು ಕೇಳಿ ತಂದು, ಬಾಗಿಲ ಚೌಕಟ್ಟಿಗೆ ತಾವೇ ಹೊಡೆದರು. ಊಟದ ಬೆಲ್ಲಾಗಿ ತಾಯಂದಿರು ಓಡಿ ಬಂದಾಗ ಅಡ್ಡ ನಿಂತರು. ಲೈನಿನಲ್ಲಿ ಅವರಿಗೆ ಟಾರ್ಗೆಟ್ ಮುಗಿದಿಲ್ಲ ಎಂದು ಬೈಗುಳ ಬಿದ್ದಿರುತ್ತದೆ, ಆ ಬಿಸಿಯಲ್ಲೇ ಬಂದು ಮಕ್ಕಳ ಬಾಯಿಗೆ ತುತ್ತು ತುರುಕುತ್ತಾರೆ. ಇನ್ನು ಮುಂದೆ ಕತ್ತಿನ ಐಡಿ ಕಾರ್ಡು, ತಲೆಯ ಸ್ಕಾರ್ಫು ಈ ಮೊಳೆಗೆ ನೇತುಹಾಕಿ, ಒಂದು ಲೋಟ ನೀರು ಕುಡಿದು, ಆಮೇಲೆ ಒಳಗೆ ಬರಬೇಕು. ಫ್ಯಾಕ್ಟರಿ ಕೋಪ ಫ್ಯಾಕ್ಟರಿಗೆ, ಮನೆ ಕೋಪ ಮನೆಗೆ, ಇಲ್ಲಿ ಮಕ್ಕಳು ಮಾತ್ರ ಎಂದರು. ಲೋಟ ಹಿಡಿದು ಆಪಾ ಅಲ್ಲೇ ನಿಂತಿದ್ದರು.

ಹೆಂಗಸರು ನಕ್ಕರು. ನಮ್ಮತ್ತೇನ ನೇತುಹಾಕೋಕೆ ಇಷ್ಟು ಚಿಕ್ಕ ಮೊಳೆ ಸಾಲಲ್ಲ ಆಪಾ ಎಂದು ಒಬ್ಬಳು, ಸೂಪರ್‌ವೈಸರ್ ತೂಕ ತಡೆಯುತ್ತಾ ಎಂದು ಇನ್ನೊಬ್ಬಳು. ನಗುತ್ತಲೇ ನೇತುಹಾಕಿದರು. ಮಂಜುಳಾ ಕೊನೆಯವಳು. ಕಾರ್ಡು ತೆಗೆದಳು, ಸ್ಕಾರ್ಫು ತೆಗೆದಳು, ನೀರು ಕುಡಿದಳು, ಆದರೆ ಒಳಗೆ ಬರಲಾಗಲಿಲ್ಲ. ಹೊಸ್ತಿಲಲ್ಲೇ ಕುಸಿದು ಕೂತು ಊಟದ ಸಮಯವೆಲ್ಲ ಅತ್ತಳು. ಆಪಾ ಎರಡನೇ ಲೋಟ ನೀರು ತಂದುಕೊಟ್ಟರು. ಸಿಂಚನಾ ದೂರದಲ್ಲಿ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ನಿಂತಿದ್ದವಳು, ಏಟು ಬೀಳದ್ದನ್ನು ನೋಡಿ ನಿಧಾನವಾಗಿ ಕೈ ಕೆಳಗಿಳಿಸಿದಳು.

ಮಗುವಿಗೆ ಬೇರೆ ಔಷಧ ಇತ್ತು. ಕಚ್ಚುವ ಮುಂಚೆ ಅವಳು ಎಡಗಿವಿ ಉಜ್ಜಿಕೊಳ್ಳುತ್ತಾಳೆ ಎಂಬುದನ್ನು ಆಪಾ ಕಂಡುಹಿಡಿದಿದ್ದರು. ನಾನು ಎರಡು ತಿಂಗಳು ಕಾಲಂ ತುಂಬಿಸಿದ್ದೆ, ಕಿವಿ ನೋಡಿರಲಿಲ್ಲ. ಕೈ ಕಿವಿಗೆ ಹೋದ ತಕ್ಷಣ ಆಪಾ ಅವಳನ್ನು ಬಚ್ಚಲಿಗೆ ಕರೆಯುತ್ತಿದ್ದರು. ಒಗೆದ ತೊಟ್ಟಿಲ ಬಟ್ಟೆಯ ಒಂದು ತುದಿ ಅವಳ ಕೈಗೆ, ಇನ್ನೊಂದು ತುದಿ ತಮ್ಮ ಕೈಗೆ. ಹಿಂಡು ಬೇಟಾ, ಇನ್ನೂ ಹಿಂಡು, ನೀರೆಲ್ಲ ಹೋಗ್ಲಿ. ಆ ಹುಡುಗಿ ಹಲ್ಲು ಕಚ್ಚಿ, ಕುತ್ತಿಗೆ ನರ ಉಬ್ಬಿಸಿ, ಮೈಯ ಕಸುವೆಲ್ಲ ಹಾಕಿ ಹಿಂಡುತ್ತಿದ್ದಳು. ಅವಳ ಕೋಪ ತಪ್ಪು ಎಂದು ಆಪಾ ಒಂದು ದಿನವೂ ಹೇಳಲಿಲ್ಲ. ಇಷ್ಟು ಶಕ್ತಿ ನನಗೂ ಇಲ್ಲ ಎಂದು ಬೆರಗುಪಡುತ್ತಿದ್ದರು. ಸೆಪ್ಟೆಂಬರಿನ ಹೊತ್ತಿಗೆ ನಮ್ಮ ರೂಮಿನ ಬಟ್ಟೆಗಳು ಮಳೆಯಲ್ಲೂ ಬೇಗ ಒಣಗುತ್ತಿದ್ದವು.

ಪುಸ್ತಕಕ್ಕೆ ಸಹಿ ಹಾಕಿಸುವುದನ್ನು ನಾನು ನಿಲ್ಲಿಸಿದೆ. ಬರೆಯುವುದನ್ನು ನಿಲ್ಲಿಸಲಿಲ್ಲ, ಆದರೆ ಕೊನೆಯ ಕಾಲಂ ಹೊಡೆದು ಹಾಕಿ, ಹಿಂದಿನ ಸಂಜೆ ಏನಾಯಿತು ಎಂದು ಬರೆದುಕೊಂಡೆ. ಅದನ್ನು ತುಂಬಲು ಮಂಜುಳಾಳನ್ನು ಕೇಳಬೇಕಿತ್ತು, ಕೇಳಬೇಕಾದರೆ ಪಕ್ಕದಲ್ಲಿ ಕೂರಬೇಕಿತ್ತು. ಹೀಗೆ ನಾವಿಬ್ಬರೂ ಮಾತಾಡುವಂತಾಯಿತು. ಲೋಕೇಶ ಕುಡಿಯುವುದನ್ನು ಬಿಡಲಿಲ್ಲ. ಅದನ್ನು ಬಿಡಿಸುವ ವಿದ್ಯೆ ಆಪಾ ಹತ್ತಿರವೂ ಇರಲಿಲ್ಲ, ಇದೆ ಎಂದು ಅವರು ಹೇಳಿಕೊಂಡದ್ದೂ ಇಲ್ಲ. ಅವನು ಕುಡಿದು ಬಂದ ದಿನ ಮಗಳನ್ನು ಕರೆದುಕೊಂಡು ಪಕ್ಕದ ಮನೆಯ ಜಗಲಿಗೆ ಹೋಗಿ ಕೂತುಬಿಡು, ಎದುರು ನಿಂತು ಗೆಲ್ಲಲು ಹೋಗಬೇಡ ಎಂದಷ್ಟೇ ಮಂಜುಳಾಗೆ ಹೇಳಿದ್ದರು. ಗೆಲ್ಲಲು ಹೋಗದಿರುವುದು ಮಂಜುಳಾಳ ಜಾಯಮಾನಕ್ಕೆ ಎಷ್ಟು ಕಷ್ಟ ಎಂದು ಗೊತ್ತಿದ್ದವರಿಗೆ ಅವಳ ಆ ಮಳೆಗಾಲದ ಸಾಹಸ ಗೊತ್ತಾಗುತ್ತದೆ.

ಮೂರು ವಾರ ಯಾರಿಗೂ ಹಲ್ಲು ತಾಗಲಿಲ್ಲ. ಆಯುಧ ಪೂಜೆಗೆ ಒಂದು ವಾರ ಇದೆ ಅನ್ನುವಾಗ ಮತ್ತೆ ಕಚ್ಚಿದಳು. ಹಿಂದಿನ ಸಂಜೆ ಲೋಕೇಶ ಅವಳ ಕಣ್ಣೆದುರೇ ಗೋಡೆಗೆ ತಲೆ ಚಚ್ಚಿಕೊಂಡಿದ್ದನಂತೆ. ಈ ಸಲವೂ ಸಿಕ್ಕಿದ್ದು ರೇಣುಕಾಳ ಮಗು, ಈ ಸಲ ಕೈ. ಪುಣ್ಯಕ್ಕೆ ಕೆಂಪಾಯಿತು ಅಷ್ಟೇ. ನಾನು ಬರೆದೆ. ಬರೆಯದೆ ಬಿಡಬಹುದಿತ್ತು, ಕೈ ಒಂದು ಗಳಿಗೆ ತಡೆಯಿತು ಕೂಡ. ಆಪಾ ಬರೀರಿ ಎಂದರು.

ಪೂಜೆಯ ಹಿಂದಿನ ದಿನ ವೆಲ್ಫೇರ್ ಮೇಡಂ ಬಂದು ಪುಸ್ತಕ ಕೇಳಿದರು. ರೇಣುಕಾ ಬಂದಿದ್ದಳು, ಮಂಜುಳಾ ಬಂದಿದ್ದಳು. ಮೇಡಂ ಕೊನೆಯ ನಮೂದಿನ ಮೇಲೆ ಬೆರಳಿಟ್ಟು, ಹೋದ ವಾರವೂ ಕಚ್ಚಿದ್ದಾಳಲ್ಲ, ನಾನು ಹೇಳಿದ್ದೆನಲ್ಲ ಎಂದರು. ಅಲ್ಲಿಯವರೆಗೆ ನಾನು ದೊಡ್ಡವರ ಮುಂದೆ ದನಿ ಎತ್ತಿದವಳಲ್ಲ. ದನಿ ಎತ್ತದ ಗುಣಕ್ಕೇ ತಾನೇ ನನಗೆ ಒಳ್ಳೆಯ ಹೆಸರು ಬಂದಿದ್ದು. ಆ ದಿನ ನನ್ನ ಗಂಟಲಿನಿಂದ ಹೊರಟ ಸದ್ದಿಗೆ ನಾನೇ ಬೆಚ್ಚಿದೆ. ಈ ಪುಸ್ತಕದ ಮೊದಲರ್ಧದ ತಪ್ಪು ಮಗುವಿನದಲ್ಲ, ನನ್ನದು ಎಂದೆ. ಸಹಿಯಿಂದ ಏಟು, ಏಟಿನಿಂದ ಜಗಳ, ಜಗಳದಿಂದ ಕಚ್ಚುವುದು, ಎಲ್ಲವನ್ನೂ ತಾರೀಖು ಸಮೇತ ತೋರಿಸಿದೆ. ತೆಗೆಯುವುದಿದ್ದರೆ ಮೊದಲು ನನ್ನನ್ನು ತೆಗೆಯಿರಿ ಎಂದೂ ಹೇಳಿಬಿಟ್ಟೆ. ಅದು ಸ್ವಲ್ಪ ಜಾಸ್ತಿಯಾಯಿತು ಎಂದು ಆಮೇಲೆ ಅನ್ನಿಸಿತು.

ಮೇಡಂ ಆಪಾ ಕಡೆ ನೋಡಿದರು. ಆಪಾ ಸೆರಗು ಸರಿಮಾಡಿಕೊಂಡು ಒಂದೇ ಮಾತು ಕೇಳಿದರು.

"ಲೈನಲ್ಲಿ ಹೊಲಿಗೆ ತಪ್ಪಾಗಿ ಪೀಸ್ ವಾಪಸ್ ಬಂದ್ರೆ ಬಿಸಾಕ್ತೀರಾ ಮೇಡಂ, ಬಿಚ್ಚಿ ಹೊಲಿಸ್ತೀರಾ?"

ಮೇಡಂ ಉತ್ತರ ಕೊಡುವ ಮೊದಲು ರೇಣುಕಾ ಬಾಯಿ ಹಾಕಿದಳು. ದೂರು ಕೊಟ್ಟವಳೇ ಅವಳು, ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸಿಕೊಂಡು, ಇರಲಿ ಬಿಡಿ ಮೇಡಂ, ನಮ್ಮವನೂ ಏನು ಸಂಪನ್ನನಲ್ಲ, ಎಲ್ಲರ ಕೂದಲು ಕೀಳುತ್ತಾನೆ ಎಂದಳು. ಮಂಜುಳಾ ತಲೆ ಎತ್ತಿ ರೇಣುಕಾಳ ಮುಖ ನೋಡಿದ ಆ ನೋಟವನ್ನು ನಾನು ಇನ್ನೂ ಮರೆತಿಲ್ಲ. ಮೇಡಂ ಪುಸ್ತಕ ಮುಚ್ಚಿದರು. ಜೂನಿನಲ್ಲಿ ಸ್ಕೂಲಿಗೆ ಸೇರುವವರೆಗೆ ಇರಲಿ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಇದ್ಯಾಕೆ ಇಲ್ಲಿ ಮೊಳೆ ಎಂದು ಕೇಳಿದರು. ಆಪಾ ವಿವರಿಸಿದರು. ಮೇಡಂ ಕೇಳಿಸಿಕೊಂಡು, ಆಫೀಸಿನ ಬಾಗಿಲಿಗೂ ಒಂದು ಬೇಕು ಎಂದು ಹೇಳಿ ಹೋದರು.

ಮಾರನೇ ದಿನ ಮಿಷನ್ನುಗಳಿಗೆ ಪೂಜೆ. ಹೊಲಿಗೆ ಮಿಷನ್ನು, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಹೊರಗೆ ನಿಂತ ಲಾರಿ, ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಎಲ್ಲ ಮುಗಿದ ಮೇಲೆ ಹೆಂಗಸರ ಗುಂಪು ನಮ್ಮ ರೂಮಿನ ಕಡೆ ಬಂತು. ಮಂಜುಳಾ ಮುಂದೆ ಇದ್ದಳು. ಮೊಳೆಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಮೊಳ ಸೇವಂತಿಗೆ ಸುತ್ತಿದಳು. ನನ್ನ ಮೊಳೆಗೂ ಪೂಜೆನಾ ಎಂದು ಆಪಾ ನಕ್ಕರು, ನಗುತ್ತಿದ್ದವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಿಂಚನಾ ಎರಡೂ ಕೈಯಲ್ಲಿ ಕಡಲೆಪುರಿ ಹಿಡಿದು ಎಲ್ಲರಿಗೂ ಹಂಚಿದಳು. ಮೊದಲು ಕೊಟ್ಟದ್ದು ರೇಣುಕಾಳ ಮಗುವಿಗೆ. ಅಲ್ಲಿಗೆ ಆ ಮಳೆಗಾಲ ಮುಗಿಯಿತು. ಮುಂದಿನ ವರ್ಷ ಮದುವೆಯಾಗಿ ನಾನು ಕೆಲಸ ಬಿಟ್ಟೆ. ಈಗ ದಾಸರಹಳ್ಳಿಯ ಒಂದು ನರ್ಸರಿಯಲ್ಲಿದ್ದೇನೆ. ಮಕ್ಕಳ ಚಪ್ಪಲಿ ಸೊಟ್ಟಗಿದ್ದರೆ ಹಾಗೇ ಬಿಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ, ಸುಲಭವಲ್ಲ.

ರೈಲು ಪೀಣ್ಯ ದಾಟಿತ್ತು. ಸಿಂಚನಾ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ. ಏಳನೇ ಕ್ಲಾಸು ಎಂದಳು ಮಂಜುಳಾ. ಕೋಪ ಹೋಗಿಲ್ಲವಂತೆ, ಹಲ್ಲಿನಿಂದ ನಾಲಿಗೆಗೆ ಬಂದಿದೆಯಂತೆ. ಶಾಲೆಯಲ್ಲಿ ಯಾರೋ ಸಣ್ಣವರನ್ನು ಗೋಳಾಡಿಸಿದರೆ ಇವಳು ನುಗ್ಗಿ ಹೋಗುತ್ತಾಳೆ, ಟೀಚರುಗಳು ಮಂಜುಳಾಳನ್ನು ಕರೆಸುತ್ತಾರೆ. ಹೇಳುವಾಗ ಬೈಯುವ ದನಿಯೇ ಇದ್ದರೂ ಮುಖದಲ್ಲಿ ಹೆಮ್ಮೆ ಇತ್ತು. ಲೋಕೇಶನ ಬಗ್ಗೆ ಕೇಳಲೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದೆ. ಅವಳೇ ಹೇಳಿದಳು. ಕುಡಿತ ಬಿಡುತ್ತಾನೆ, ಹಿಡಿಯುತ್ತಾನೆ, ಮತ್ತೆ ಬಿಡುತ್ತಾನೆ. ಈಗ ಎರಡು ತಿಂಗಳಿಂದ ಹಿಡಿದಿದ್ದಾನೆ.

"ನಾನೂ ಮನೆ ಬಾಗ್ಲಲ್ಲಿ ಒಂದ್ ಮೊಳೆ ಬಡ್ಕೊಂಡಿದ್ದೆ ಟೀಚರ್, ಆಪಾ ತರಾನೇ. ಓದ್ ವರ್ಷ ಸಿಂಚನಾ ಪಕ್ಕದಲ್ಲಿ ಇನ್ನೊಂದ್ ಬಡುದ್ಲು. ಇದು ಅಪ್ಪಂದು ಅಂತ."

ಅದಕ್ಕೆ ಅವನು ಏನು ನೇತುಹಾಕುತ್ತಾನೆ ಎಂದು ಕೇಳಿದೆ. ಶರ್ಟು ಎಂದು ನಕ್ಕಳು. ನಗು ನಿಂತ ಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದಳು.

"ಜಾಸ್ತಿ ಕುಡ್ದಿದ್ ದಿನ ಒಳಿಕ್ಕೆ ಬರಲ್ಲ. ಆ ಮೊಳೆ ಕೆಳ್ಗೇ ಕುಂತ್ಕೋತಾರೆ. ಅವ್ಳೇ ಎದ್ದೋಗಿ ಒಂದ್ ಲೋಟ ನೀರ್ ಕೊಟ್ಟು ಬತ್ತಾಳೆ."

ಆಪಾ ಹೊಸ್ತಿಲಲ್ಲಿ ಲೋಟ ಹಿಡಿದು ನಿಂತದ್ದು ಆ ನಾಲ್ಕೂವರೆ ವರ್ಷದ ಹುಡುಗಿಗೆ ನೆನಪಿದೆಯೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಜಾಲಹಳ್ಳಿ ಬಂತು. ಮಂಜುಳಾ ಕೊಡೆ ಬಿಚ್ಚಿಕೊಳ್ಳುತ್ತ ಇಳಿದಳು. ನಾನು ಇಳಿಯಬೇಕಾದದ್ದು ಮುಂದಿನ ಸ್ಟೇಷನ್. ಬಾಗಿಲು ಮುಚ್ಚಿಕೊಂಡ ಮೇಲೆ ನೋಡಿದರೆ, ಅವಳ ಹಿಂದೆಯೇ ಹೋಗಿ ಕೇಳುವವಳ ಹಾಗೆ ನಾನು ಎದ್ದು ನಿಂತಿದ್ದೆ.